ಇನ್ನೊಂದು ದಿನದ ಉಪವಾಸ

ಪುಸ್ತಕಗಳಿಗೆ ರಟ್ಟು ಕಟ್ಟುವ ಅವರನ್ನು ಬೀದಿಯವರೆಲ್ಲ ‘ರಟ್ಟಿನ ಮೇಷ್ಟ್ರು’ ಎನ್ನುತ್ತಿದ್ದರು. ಒಂದು ದಿನವೂ ಶಾಲೆಯಲ್ಲಿ ಪಾಠ ಮಾಡಿದವರಲ್ಲ. ಅಂಗಡಿಗೆ ಬಂದವರಿಗೆಲ್ಲ ಆರೋಗ್ಯದ ಪಾಠ ಹೇಳಿ ಸಂಪಾದಿಸಿದ ಹೆಸರು ಅದು. ಇಪ್ಪತ್ತನೇ ವಯಸ್ಸಿನಲ್ಲಿ ಅವರಿಗೆ ಕಾಮಾಲೆಯಾಗಿತ್ತು. ಔಷಧಿ ಬಿಟ್ಟು, ಬರೀ ನೀರು ಕುಡಿದು ಮಲಗಿದರು, ವಾಸಿಯಾಯಿತು. ಅಂದಿನಿಂದ ಮಾತ್ರೆಯೆಂದರೆ ವಿಷ, ಉಪವಾಸವೇ ಮದ್ದು. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಪೈಕಿ. ಹೆಂಡತಿಯೋ, ಆ ಮೂರನ್ನೂ ಎಣಿಸಿ ಹೌದೆನ್ನುವವರು.

ಹಿರಿಮಗಳಿಗೆ ಏಳು ವರ್ಷವಾಗಿದ್ದಾಗ ಬಲಗಿವಿಯಲ್ಲಿ ಕೀವು ತುಂಬಿತು. ಐದು ದಿನ ಊಟ ನಿಲ್ಲಿಸಿ, ಬಿಸಿನೀರು ಕುಡಿಸಿ ಮಲಗಿಸಿದರು. ನೋವು ಹೋಯಿತು, ಜೊತೆಗೆ ಆ ಕಿವಿಯೂ ಹೋಯಿತು. ಶಾಲೆಯಲ್ಲಿ ಬಲಗಡೆಯಿಂದ ಕರೆದರೆ ಅವಳು ತಿರುಗುತ್ತಿರಲಿಲ್ಲ. ಟೀಚರು ಕೊಬ್ಬು ಎಂದುಕೊಂಡರು.

ಓದು ಮುಗಿದ ಮೇಲೆ ಅವಳು ಅಪ್ಪನ ಅಂಗಡಿಯಲ್ಲೇ ಕೂತಳು. ಹಾಳೆ ಮಡಚುವುದು, ಸೂಜಿಯಿಂದ ಹೊಲಿಯುವುದು, ಅಂಟು ಬಳಿಯುವುದು. ಕೈ ಚುರುಕು. ಮನೆ ಅಂಗಡಿಯ ಹಿಂದೆಯೇ ಇತ್ತು. ಬೀದಿಗೆ ಬರಬೇಕೆಂದರೆ ಅಂಗಡಿಯೊಳಗಿಂದಲೇ ಬರಬೇಕು.

ಅವಳಿಗೆ ಹದಿನೇಳಾಗಿದ್ದಾಗ ಐದು ವರ್ಷದ ತಂಗಿ ಪುಟ್ಟಿಗೆ ಜ್ವರ, ಕೆಮ್ಮು ಶುರುವಾಯಿತು. ಮತ್ತೆ ಅದೇ ಬಿಸಿನೀರು, ಅದೇ ಉಪವಾಸ. ಮೂರನೇ ದಿನ ಬೆಳಿಗ್ಗೆ ಮಗುವಿನ ಪಕ್ಕೆಲುಬಿನ ನಡುವಿನ ಚರ್ಮ ಉಸಿರುಸಿರಿಗೂ ಒಳಕ್ಕೆ ಎಳೆದುಕೊಳ್ಳುತ್ತಿತ್ತು. ಕರೆದರೆ ಕಣ್ಣು ಬಿಡಲಿಲ್ಲ. ಅಕ್ಕ ಅವಳನ್ನು ಹೊದಿಕೆಯಲ್ಲಿ ಸುತ್ತಿ, ಎತ್ತಿಕೊಂಡು ಅಂಗಡಿಗೆ ಬಂದಳು. ಅಪ್ಪ ಕತ್ತರಿಸುವ ಯಂತ್ರ ಬಿಟ್ಟು ಬಂದು ಬಾಗಿಲಿಗೆ ಅಡ್ಡ ನಿಂತರು.

“ಎಲ್ಲಿಗೆ?”

“ಡಾಕ್ಟರ ಹತ್ರ.”

“ಇನ್ನೊಂದು ದಿನ ತಡಿ. ಜ್ವರ ಅಂದ್ರೆ ಮೈಯೊಳಗಿನ ಕಸ ಸುಡೋ ಬೆಂಕಿ. ತಾನಾಗೇ ಆರುತ್ತೆ.”

“ನನ್ನ ಕಿವಿಗೂ ಇನ್ನೊಂದು ದಿನ, ಇನ್ನೊಂದು ದಿನ ಅಂದಿದ್ರಿ ಅಪ್ಪ.”

“ಅದು ನಿನ್ನ ಹಣೆಬರಹ.”

“ಇರಬಹುದು. ಇವಳದು ಬೇರೆ ಇರಲಿ. ದಾರಿ ಬಿಡಿ.”

ಒಳಬಾಗಿಲಲ್ಲಿದ್ದ ಅಮ್ಮ, “ಹೋದ್ರೆ ಮತ್ತೆ ಈ ಮನೆಗೆ ಬರಬೇಡ” ಎಂದರು.

“ಸರಿಯಮ್ಮ.”

ಅಪ್ಪ ಕದಲಲಿಲ್ಲ. ಅಷ್ಟರಲ್ಲಿ ಯಾರೋ ಗಿರಾಕಿ ಹಳೇ ಪುಸ್ತಕಗಳ ಕಟ್ಟು ಹೊತ್ತು ಮೆಟ್ಟಿಲು ಹತ್ತಿದ. ಗಿರಾಕಿಗೆ ದಾರಿ ಬಿಡುವುದು ಮೂವತ್ತು ವರ್ಷದ ರೂಢಿ. ಅಪ್ಪ ತಮಗರಿವಿಲ್ಲದೆ ಪಕ್ಕಕ್ಕೆ ಸರಿದರು. ಅವಳು ಹೊರಬಿದ್ದಳು.

ಆಸ್ಪತ್ರೆಯಲ್ಲಿ ವಯಸ್ಸಾದ ಡಾಕ್ಟರಮ್ಮ ಮಗುವಿನ ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿ, ನ್ಯುಮೋನಿಯಾ ಎಂದರು. “ಊಟ ಮಾಡಿ ಎಷ್ಟು ದಿನವಾಯ್ತು?”

“ಮೂರು.”

“ನೀವೆಲ್ಲ ಏನ್ ಮಾಡ್ತಿದ್ರಿ?”

ಅವಳಿಗೆ ಅಪ್ಪನ ಮೇಲಿನ ಸಿಟ್ಟಿಗಿಂತ, ತಾನೂ ಮೂರು ದಿನ ಸುಮ್ಮನಿದ್ದೆನಲ್ಲ ಎಂಬುದು ಹೆಚ್ಚು ಚುಚ್ಚಿತು.

ಒಂಬತ್ತು ದಿನ ಮಗು ಅಲ್ಲೇ ಇತ್ತು. ನಾಲ್ಕನೇ ದಿನ ಅಪ್ಪ ಬಂದರು. ಔಷಧಿಯ ವಾಸನೆಗೆ ಮೂಗಿಗೆ ಕರವಸ್ತ್ರ ಹಿಡಿದು ವಾರ್ಡಿನ ಹೊರಗೇ ನಿಂತು, “ಉಸಿರು ಹೆಂಗಿದೆ?” ಎಂದರು. “ಸಲೀಸಾಗಿದೆ” ಎಂದಳು. ಅಷ್ಟು ಕೇಳಿಕೊಂಡು ಹೊರಟುಹೋದರು.

ಡಾಕ್ಟರಮ್ಮ ಮಕ್ಕಳ ರಕ್ಷಣೆಯ ಕಚೇರಿಗೆ ತಿಳಿಸಿದ್ದರು. ಅಲ್ಲಿನ ಅಧಿಕಾರಿ ಮನೆಗೆ ಬಂದು, ಕಾಯಿಲೆಯಾದರೆ ಮಗುವನ್ನು ವೈದ್ಯರಿಗೆ ತೋರಿಸುತ್ತೇವೆ ಎಂದು ಗಂಡಹೆಂಡಿರಿಬ್ಬರಿಂದಲೂ ಬರೆಸಿಕೊಂಡರು. “ಸಹಿ ಹಾಕಿದೀನಿ, ಒಪ್ಪಿಲ್ಲ” ಎಂದರು ಮೇಷ್ಟ್ರು.

ಪುಟ್ಟಿ ಮನೆಗೆ ಹೋದಳು, ಹಿರಿಮಗಳು ಮರಳಲಿಲ್ಲ. ಬಟ್ಟೆ ಹೊಲಿಯುವ ಸೋದರತ್ತೆಯ ಮನೆಯಲ್ಲಿ ಉಳಿದು, ಒಂದು ಪ್ರೆಸ್ಸಿನಲ್ಲಿ ರಟ್ಟು ಕಟ್ಟುವ ಕೆಲಸ ಹಿಡಿದಳು. ತನ್ನ ಕಿವಿಯನ್ನೂ ತೋರಿಸಿದಳು, ಡಾಕ್ಟರಮ್ಮ ತಡವಾಯಿತು ಎಂದರು.

ವರ್ಷ ತಿರುಗುವಷ್ಟರಲ್ಲಿ ಅಮ್ಮ ಪುಟ್ಟಿಯ ಕೈಹಿಡಿದು ಅತ್ತೆಯ ಮನೆಗೆ ಬರತೊಡಗಿದರು. ಗಂಡನಿಗೆ ಮಾರ್ಕೆಟ್ಟಿಗೆಂದು ಹೇಳಿ, ಮಗುವನ್ನು ಡಾಕ್ಟರಮ್ಮನಿಗೆ ತೋರಿಸಿ ಹೋಗುವುದು. “ಮಾರ್ಕೆಟ್ಟಿಂದ ಬರಿಗೈಲಿ ಹೋದ್ರೆ ಅಣ್ಣ ನಂಬ್ತಾನಾ?” ಎಂದು ಅತ್ತೆ ತಾನು ತಂದಿಟ್ಟ ತರಕಾರಿಯನ್ನೇ ಚೀಲಕ್ಕೆ ತುಂಬಿ ಕಳಿಸುತ್ತಿದ್ದಳು.

ಒಮ್ಮೆ ಅಮ್ಮ ಹೇಳಿದರು: “ಅವತ್ತು ಮೂರು ದಿನ ಉಪವಾಸ ಹಾಕಿದ್ದಕ್ಕೇ ಮಗು ಉಳೀತು ಅಂತ ನಿಮ್ಮಪ್ಪ ಈಗಲೂ ಬಂದೋರಿಗೆಲ್ಲ ಹೇಳ್ತಾರೆ.”

“ನೀನೇನಂದೆ?”

“ನಾನೇನನ್ನಲಿ? ಅವರು ಹೇಳ್ತಿದ್ರು, ನಾನು ಒಳಗೆ ಪುಟ್ಟಿಗೆ ಸಿರಪ್ ಕುಡಿಸ್ತಿದ್ದೆ.”