ಒಂದು ‘ಕೇಳು’, ಮೂರು ವರ್ಬು

ವರ್ಬು ಮೇಷ್ಟ್ರು ಎಂಬ ಹೆಸರು ಅವರಿಗೆ ಅಂಟಿಕೊಂಡು ಇಪ್ಪತ್ತಾರು ವರ್ಷವಾಗಿತ್ತು. ಟೈಲರ್ ಅಂಗಡಿಯ ಮೇಲಿನ ಕೋಣೆ; ಹನ್ನೆರಡು ಬೆಂಚು, ಒಂದು ಕರಿಹಲಗೆ, ತಿರುಗುವುದಕ್ಕಿಂತ ಹೆಚ್ಚು ಕಿರುಗುಟ್ಟುವ ಒಂದು ಫ್ಯಾನು. ಅಲ್ಲಿ ದಿನಾ ಸಂಜೆ ಐದರಿಂದ ಏಳರವರೆಗೆ ಅವರು ದೊಡ್ಡವರಿಗೆ ಇಂಗ್ಲಿಷ್ ಮಾತಾಡುವುದನ್ನು ಕಲಿಸುತ್ತಿದ್ದರು. ಬರುವವರು ಡ್ರೈವರುಗಳು, ನರ್ಸುಗಳು, ದಿನವಿಡೀ ಕೌಂಟರಿನ ಹಿಂದೆ ನಿಂತು ಕಾಲು ಊದಿಸಿಕೊಂಡವರು. ಅವರೆಲ್ಲ ದಣಿದು ಬರುತ್ತಿದ್ದರು, ನಮ್ಮ ಮೇಷ್ಟ್ರು ಅವರಿಗಿಂತ ಮೊದಲೇ ದಣಿದು ಕೂತಿರುತ್ತಿದ್ದರು. ಬ್ರಿಂಗ್ ಬೇರೆ ಟೇಕ್ ಬೇರೆ, ಸೇ ಬೇರೆ ಟೆಲ್ ಬೇರೆ, ರೈಸ್ ಬೇರೆ ರೇಜ್ ಬೇರೆ ಎಂದು ಹೇಳಿ ಹೇಳಿ ಅವರ ನಾಲಿಗೆ ಸವೆದಿತ್ತು. ಹುಡುಗರಾದರೆ ಗದರಬಹುದು, ಇವರಲ್ಲಿ ಅರ್ಧ ಜನ ಮೊಮ್ಮಕ್ಕಳನ್ನು ಕಂಡವರು.

ಎಲ್ಲಕ್ಕಿಂತ ಹೆಚ್ಚು ಜೀವ ತಿಂದದ್ದು ‘ಕೇಳು’. ನಮ್ಮ ಭಾಷೆಗೆ ಅದೊಂದೇ ಸಾಕು. ಸದ್ದು ಕೇಳುತ್ತದೆ, ಹಾಡು ಕೇಳುತ್ತೇವೆ, ದಾರಿ ಕೇಳುತ್ತೇವೆ, ಮಕ್ಕಳು ಮಾತು ಕೇಳುವುದಿಲ್ಲ. ಇಂಗ್ಲಿಷಿಗೆ ಅಷ್ಟು ಧಾರಾಳ ಬುದ್ಧಿಯಿಲ್ಲ. ತಾನಾಗಿ ಕಿವಿಗೆ ಬಿದ್ದರೆ ಹಿಯರ್, ನಾವಾಗಿ ಕಿವಿಗೊಟ್ಟರೆ ಲಿಸನ್, ಬಾಯಿಬಿಟ್ಟು ವಿಚಾರಿಸಿದರೆ ಆಸ್ಕ್. ಇಷ್ಟೇ ವಿಷಯ. ಆದರೂ ಪ್ರತಿ ಬ್ಯಾಚಿನಲ್ಲಿ ಒಬ್ಬರಾದರೂ ಎದ್ದು ನಿಂತು, “ಸರ್, ಐ ಆಸ್ಕ್ ರೇಡಿಯೋ ಎವ್ರಿಡೇ” ಎನ್ನುತ್ತಿದ್ದರು. “ರೇಡಿಯೋ ಏನಂತ ಉತ್ತರ ಕೊಡ್ತಪ್ಪಾ?” ಎಂದು ಮೇಷ್ಟ್ರು ಅನ್ನಬೇಕು, ಕ್ಲಾಸು ನಗಬೇಕು. ಆ ತಮಾಷೆಗೂ ಇಪ್ಪತ್ತಾರು ವರ್ಷ ತುಂಬಿತ್ತು.

ಇಂಥ ಮೇಷ್ಟ್ರಿಗೆ ಮೂರು ವರ್ಷದ ಹಿಂದೆ ಎಡಗಿವಿ ಕೈಕೊಟ್ಟಿತು. ಬಲಗಿವಿಯೂ ಮಂದವಾಯಿತು. ಅವರು ಯಾರಿಗೂ ಹೇಳಲಿಲ್ಲ. ಟ್ಯುಟೋರಿಯಲ್ ಮಾಲೀಕರಿಗೆ ಗೊತ್ತಾದರೆ, ಮಾತು ಕಲಿಸುವುದಕ್ಕೆ ಕಿವುಡನೇ ಬೇಕಿತ್ತಾ ಎಂದು ಮರುದಿನವೇ ಬೇರೆಯವರನ್ನು ಕೂರಿಸುತ್ತಿದ್ದರು. ಹೆಂಡತಿಗೆ ಹೇಳಿದರೆ ಆಕೆ ತಂಗಿಗೆ ಹೇಳುತ್ತಾಳೆ, ತಂಗಿಗೆ ಹೇಳಿದರೆ ಇಡೀ ಬೀದಿಗೆ ಡಂಗುರ ಸಾರಿದ ಹಾಗೆ. ಅದಕ್ಕೇ ಅವರು ಎದುರಿನವರ ತುಟಿ ನೋಡುವುದನ್ನು ಕಲಿತರು, ಬಲಗಿವಿಯನ್ನು ಬೆಂಚುಗಳ ಕಡೆ ತಿರುಗಿಸಿ ನಿಂತರು, ಏನೂ ತಿಳಿಯದಿದ್ದಾಗ “ಲೌಡ್ಲಿ! ಸೇ ಇಟ್ ಅಗೇನ್!” ಎಂದು ಗದರಿದರು. ಕಲಿಯುವವರು ಇದನ್ನು ಶಿಸ್ತು ಅಂದುಕೊಂಡರು.

ಅದೇ ಹೊತ್ತಿಗೆ ಮನೆಯಲ್ಲಿ ಹೆಂಡತಿಯ ಗಂಟಲು ದೊಡ್ಡದಾಗುತ್ತಾ ಬಂತು. ಆಕೆ “ಊಟಕ್ಕೆ ಬನ್ನಿ” ಎಂದರೆ ಕೆಳಗಿನ ಮನೆಯವರೂ ಎದ್ದು ಕೈ ತೊಳೆಯಬೇಕು, ಹಾಗೆ.

“ಯಾಕೆ ಹಾಗೆ ಕಿರುಚ್ತೀಯ? ನಾನೇನು ಕಿವುಡನಾ?” ಎಂದು ಮೇಷ್ಟ್ರು ಸಿಡುಕುತ್ತಿದ್ದರು.

“ನನ್ನ ಗಂಟಲೇ ಹಾಗೆ. ವಯಸ್ಸಾಯ್ತಲ್ಲ,” ಎಂದು ಆಕೆ ಅಷ್ಟೇ ಜೋರಾಗಿ ಹೇಳಿ, ಬಿಸಿನೀರಿನ ಲೋಟ ಎತ್ತಿಕೊಳ್ಳುತ್ತಿದ್ದಳು. ಸದಾ ಆಕೆಯ ಕೈಯಲ್ಲಿ ಆ ಲೋಟ. ಜಗಳಗಂಟಿಯಾಗಿಬಿಟ್ಟಳು ಎಂದು ಮೇಷ್ಟ್ರು ಮನಸ್ಸಿನಲ್ಲೇ ಬೈದುಕೊಂಡು ಪೇಪರ್ ಬಿಡಿಸುತ್ತಿದ್ದರು.

ಒಂದು ಸಂಜೆ ಮಾಲೀಕರು ಬಂದು ಕೊನೆಯ ಬೆಂಚಿನಲ್ಲಿ ಕೂತರು. ಅವತ್ತೂ ಅದೇ ಪಾಠ. ಕಿಟಕಿಯ ಪಕ್ಕದ ನರ್ಸು ಮೆಲ್ಲಗೆ ಎದ್ದು ಏನೋ ಅಂದಳು. ಫ್ಯಾನಿನ ಕಿರುಗುಟ್ಟುವಿಕೆಯಲ್ಲಿ ಮೇಷ್ಟ್ರಿಗೆ ‘ಹಿಯರ್’ ಎಂಬಂಥ ಕೊನೆಯ ಚೂರು ಮಾತ್ರ ಸಿಕ್ಕಿತು.

“ವೆರಿ ಗುಡ್. ಪಾಸ್ಟ್ ಟೆನ್ಸಿನಲ್ಲಿ ಅದು ಹರ್ಡ್,” ಎಂದರು.

ಕ್ಲಾಸಿಗೆ ಕ್ಲಾಸೇ ನಕ್ಕಿತು. ಮೇಷ್ಟ್ರೂ ನಕ್ಕರು. ಆಮೇಲೆ ಮುಂದಿನ ಬೆಂಚಿನ ಡ್ರೈವರ್ ಹತ್ತಿರ ಬಂದು ಹೇಳಿದ: “ಸರ್, ಅವರು ಕೇಳಿದ್ದು ನೀರು ಕುಡಿದು ಬರಲಾ ಅಂತ.” ಮಾಲೀಕರು ನಗಲಿಲ್ಲ. ಹೋಗುವಾಗ, “ನಾಳೆ ಸ್ವಲ್ಪ ಬೇಗ ಬನ್ನಿ, ಮಾತಾಡೋದಿದೆ” ಎಂದರು. ಅಷ್ಟು ಮಾತ್ರ ಸ್ಪಷ್ಟವಾಗಿ ಕೇಳಿಸಿತು.

ಮನೆಯ ಮೆಟ್ಟಿಲು ಹತ್ತುವಾಗ ಮೇಷ್ಟ್ರಿಗೆ ಕಾಲೆತ್ತುವುದೇ ಬೇಡವೆನ್ನಿಸಿತ್ತು. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ, ಇವತ್ತು ಹೇಳಿಬಿಡೋಣ ಎಂದುಕೊಂಡರು. ಬಾಗಿಲು ತೆಗೆದ ಹೆಂಡತಿ ಏನೂ ಅನ್ನದೆ ಒಳಗೆ ಹೋದಳು. ಕೈಕಾಲು ತೊಳ್ಕೊಳ್ಳಿ ಎಂಬ ಕೂಗಿಲ್ಲ. ಕಾಫಿ ಇಟ್ಟಿದೀನಿ ಎಂಬ ಕೂಗಿಲ್ಲ. ಅಡುಗೆಮನೆಯ ಕಡೆ ಬಲಗಿವಿ ತಿರುಗಿಸಿ ನಿಂತರು. ಏನೂ ಇಲ್ಲ.

ಉಳಿದಿದ್ದ ಅರ್ಧ ಕಿವಿಯೂ ಹೋಯಿತೇ? ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದರು. ನೀರಿನ ಸದ್ದು ಕೇಳಿಸಿತು. ನಂಬಿಕೆ ಬರಲಿಲ್ಲ. ಸ್ಟೀಲ್ ಚೊಂಬನ್ನು ಬೇಕೆಂತಲೇ ನೆಲಕ್ಕೆ ಹಾಕಿದರು. ಠಣ್ ಎಂದಿತು. ಹೆಂಡತಿ ಗಾಬರಿಯಿಂದ ಓಡಿಬಂದಳು, ಬಾಯಿ ತೆರೆದಳು. ದನಿ ಹೊರಡಲಿಲ್ಲ.

ಆಕೆ ಪರ್ಸಿನಿಂದ ಡಾಕ್ಟರ ಚೀಟಿ ತಂದು ಕೊಟ್ಟಳು. ಪುಟ್ಟ ಅಕ್ಷರದ ಇಂಗ್ಲಿಷ್, ಒಂದು ವರ್ಬೂ ತಪ್ಪಿಲ್ಲ. ಗಂಟಲಿನಲ್ಲಿ ಗಂಟು. ಗಂಡನಿಗೆ ಕಿವಿ ಮಂದವಿರುವುದರಿಂದ ಮೂರು ವರ್ಷದಿಂದ ಮನೆಯಲ್ಲಿ ಜೋರಾಗಿ ಮಾತಾಡುತ್ತಿದ್ದಾರೆ. ಒಂದು ತಿಂಗಳು ಪೂರ್ತಿ ಮೌನ; ಗುಣವಾಗದಿದ್ದರೆ ಆಪರೇಷನ್.

ಮೇಷ್ಟ್ರು ಮೂರು ವರ್ಷ ಎಂಬಲ್ಲಿ ಬೆರಳಿಟ್ಟುಕೊಂಡು ಅಲ್ಲೇ ಕೂತರು.

“ನಿನಗೆ ಮೊದಲಿಂದ್ಲೂ ಗೊತ್ತಿತ್ತಾ?”

ಆಕೆ ತಲೆಯಾಡಿಸಿದಳು.

“ಗಂಟಲು ಹೀಗಾಗಿದೆ ಅಂತ ಒಂದು ಮಾತು ಹೇಳೋದಲ್ವಾ? ಡಾಕ್ಟರ್ ಹತ್ರ ಒಬ್ಬಳೇ ಹೋಗಿದ್ಯಾ?”

ಆಕೆ ಅವರ ಜೇಬಿನ ಪೆನ್ನು ತೆಗೆದುಕೊಂಡು ಚೀಟಿಯ ಹಿಂದೆ ಬರೆದಳು: ‘ನೀವು ಕೇಳಲಿಲ್ಲ.’

ಮೇಷ್ಟ್ರು ಅದನ್ನು ಓದಿದರು. ಬಾಯಿಂದ ಬಂದಿದ್ದರೆ ದನಿಯಲ್ಲಿ ತಿಳಿಯುತ್ತಿತ್ತು, ಬರೆದದ್ದರಲ್ಲಿ ದನಿಯೆಲ್ಲಿ? ಇಪ್ಪತ್ತಾರು ವರ್ಷದ ಅಭ್ಯಾಸ, ಅವರ ಮನಸ್ಸು ತಾನಾಗಿ ಒಂದೊಂದನ್ನೇ ಹಾಕಿ ನೋಡಿತು. ಹಿಯರ್. ಲಿಸನ್. ಆಸ್ಕ್. ಮೂರರಲ್ಲಿ ಯಾವುದನ್ನು ಹಾಕಿದರೂ ವಾಕ್ಯ ಸರಿಯಾಗಿಯೇ ಇತ್ತು. ಅವರಿಗೆ ತುಂಬ ನಾಚಿಕೆಯಾಯಿತು. ಮುಖ ಎತ್ತಿ ನೋಡಿದರೆ ಆಕೆಯ ಕಣ್ಣಿನಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು.

ಮಾಲೀಕರ ವಿಷಯ ಹೇಳಬೇಕೆಂದು ಬಂದವರು ಅದನ್ನು ಹೇಳಲಿಲ್ಲ. ಆಕೆಯ ಪಕ್ಕಕ್ಕೆ ಸರಿದು ಕೂತರು.

“ತುಂಬಾ ನೋಯುತ್ತಾ?” ಎಂದು ಕೇಳಿದರು.

ಆಕೆ ಹೌದೆಂದು ತಲೆಯಾಡಿಸಿದಳು.