ಸಿಪ್ಪೆಯೂ ಇಲ್ಲದ ಕಾಳು

ಕಾನಹೊಸಹಳ್ಳಿಯ ಹೆದ್ದಾರಿ ಬದಿಗೆ ನನ್ನದೊಂದು ವೆಲ್ಡಿಂಗ್ ಅಂಗಡಿ. ಆರನೇ ಕ್ಲಾಸಿಗೆ ಶಾಲೆ ಬಿಟ್ಟವನಾದರೂ, ನಾನು ಬೆಸೆದ ಟ್ರೇಲರ್ ಬಿರುಕು ಬಿಟ್ಟದ್ದನ್ನು ಯಾರೂ ಕಂಡಿಲ್ಲ. ಮೋಡ ಯಾಕೆ ಗುಡುಗುತ್ತದೆ, ಬಲ್ಬು ಯಾಕೆ ಸುಡುತ್ತದೆ ಎಂದು ಹೆಂಡತಿ ಕೇಳುತ್ತಿದ್ದದ್ದೂ ನನ್ನನ್ನೇ. ತೊಂಬತ್ತರ ದಶಕದಲ್ಲಿ ದೊಡ್ಡವರಿಗೆ ಅಕ್ಷರ ಕಲಿಸುವ ಸಂಜೆ ಶಾಲೆ ನಮ್ಮ ಓಣಿಗೆ ಬಂತು. ಆಮೇಲೆ ಅವಳ ಬಾಯಲ್ಲಿ ಒಂದೇ ಮಾತು: "ಮೇಷ್ಟ್ರು ಹೇಳ್ಯಾರ."

ಮೇಷ್ಟ್ರು ಅನ್ನಿಸಿಕೊಂಡವನು ಹರಪನಹಳ್ಳಿ ಕಡೆಯ ತರುಣ. ಇಸ್ತ್ರಿ ಮಾಡಿದ ಅಂಗಿ, ಒಂದೂ ಸುಟ್ಟ ಕಲೆಯಿಲ್ಲದ ಕೈ.

ಶಾಲೆಯ ಬಾಗಿಲ ಕೀಲು ಸರಿಮಾಡುವ ನೆಪದಲ್ಲಿ ಒಂದು ಸಂಜೆ ಹೋಗಿ ಹೊಸ್ತಿಲ ಬಳಿ ಕೂತೆ. ಅವನು ಬೆಳಕಿನ ಮಾತು ತೆಗೆದಿದ್ದ. ನೀರಿನ ಹಾಗೆ ಹರಿದಂತೆ ಕಂಡರೂ ಬೆಳಕು ಬರುವುದು ಕಾಳು ಕಾಳಾಗಿಯಂತೆ.

"ಆ ಕಾಳಿನೊಳಗ ಏನೈತ್ರಿ ಸಾರ್?" ಕೇಳಿದವಳು ನನ್ನ ಹೆಂಡತಿ. ನಮ್ಮ ಕಡೆ ಶೇಂಗಾ ಕೊಳ್ಳುವವರು ಚೀಲಕ್ಕೆ ಕೈಹಾಕಿ ಕಾಯಿ ಒಡೆದು ನೋಡದೆ ಮಾತಾಡುವುದಿಲ್ಲ. ಅವಳ ಬೆರಳೂ ಕಾಯಿ ಒಡೆಯುವವರ ಹಾಗೇ ಮಡಚಿಕೊಂಡಿದ್ದವು.

"ಏನೂ ಇಲ್ಲವ್ವಾ. ಹುಡುಕಿದೋರಿಗೆ ಇಲ್ಲೀತನಕ ಒಳಗ ಏನೂ ಸಿಕ್ಕಿಲ್ಲ."

ಸಿಕ್ಕಿಬಿದ್ದ ಅಂದುಕೊಂಡೆ. "ಹಂಗಾದ್ರ ಜೊಳ್ಳು ಅನ್ರಿ! ಜೊಳ್ಳು ಮಾರಾಕ ಬಂದೀರೇನು ನಮ್ಮೂರಿಗೆ?"

ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಅವಳೂ ನಕ್ಕಳು. ನನಗೆ ಅಷ್ಟೇ ಬೇಕಿತ್ತು. ಅವನೂ ನಕ್ಕ.

"ಜೊಳ್ಳಿಗೆ ಸಿಪ್ಪೆನಾದ್ರೂ ಇರ್ತೈತಲ್ಲ ಅಣ್ಣಾರ. ಇದಕ್ಕೆ ಸಿಪ್ಪೆ ಇಲ್ಲ, ಬೀಜ ಇಲ್ಲ. ಆದ್ರೆ ಬರಿಗೈಲಿ ಬರೋದಿಲ್ಲ, ಶಕ್ತಿ ಹೊತ್ಕಂಡು ಬರ್ತೈತಿ. ನಿಮ್ಮ ವೆಲ್ಡಿಂಗ್ ಬೆಳಕು ನೋಡಿದ್ರೆ ಕಣ್ಣು ಉರಿಯಂಗಿಲ್ಲೇನು?"

ಅವಳ ನಗು ನಿಂತಿತು. ಬಾಯಿ ಸ್ವಲ್ಪ ತೆರೆದು ಅವನನ್ನೇ ನೋಡುತ್ತಿದ್ದಳು. ಮದುವೆಯಾದ ಹೊಸತರಲ್ಲಿ ಕಪ್ಪು ಗಾಜು ಹಿಡಿಸಿ ವೆಲ್ಡಿಂಗ್ ತೋರಿಸಿದಾಗ ನನ್ನನ್ನು ಹಾಗೆ ನೋಡಿದ್ದಳು. ಆ ಬೆಳಕು ನನ್ನದು. ಅದನ್ನೂ ಅವನೇ ಹೊಡೆದುಕೊಂಡ.

ಮನೆಗೆ ಬರುವಾಗ ನಾನು ಮುಂದೆ, ಅವಳು ಹಿಂದೆ.

"ಏನ್ರಿ, ಕಣ್ಣಾಗ ಬಿದ್ದ ಕಾಳು ಆಮ್ಯಾಲ ಎಲ್ಲಿ ಹೋಗತಾವ?"

"ನಿಮ್ಮ ಮೇಷ್ಟ್ರನ್ನ ಕೇಳು ಹೋಗು."

"ಅವರ ಕಣ್ಣು ಯಾವಾಗ ಉರದಾವ? ಉರಿಯೋವು ನಿಮ್ಮವು, ಅದಕ್ಕ ನಿಮ್ಮನ್ನ ಕೇಳಾಕತ್ತೀನಿ."

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಅವಳ ಮುಂದೆ ಎಂದೂ ಅಂದವನಲ್ಲ.

"ನಾಳೆ ಹೇಳ್ತೀನಿ, ನಡಿ" ಎಂದೆ.

ಮರುದಿನ ಸಂಜೆ, ಬಾಗಿಲ ಕೀಲಿಗೆ ಏನೂ ಆಗಿರದಿದ್ದರೂ ಎಣ್ಣೆ ಡಬ್ಬಿ ಹಿಡಿದು, ಅವಳಿಗಿಂತ ಮೊದಲೇ ಹೋಗಿ ಮೇಷ್ಟ್ರ ಮುಂದೆ ಕೂತೆ.