ನಗರಸಭೆಯ ಹೆಸರಿನಲ್ಲಿ ಮೈಕಣ್ಣ ಹೇಳಿದ ಸುಳ್ಳು

ವ್ಯಾನಿನ ತಲೆಯ ಮೇಲೆ ಎರಡು ಧ್ವನಿವರ್ಧಕ ಕಟ್ಟಿಕೊಂಡು ಊರೆಲ್ಲ ಸಾರುವುದು ಮೈಕಣ್ಣನ ಕಸುಬು. ಬಟ್ಟೆ ಅಂಗಡಿಯ ರಿಯಾಯಿತಿ, ಕಳೆದುಹೋದ ನಾಯಿ, ನಗರಸಭೆಯ ನೀರಿನ ಕಂದಾಯ, ಯಾರು ಬಾಡಿಗೆಗೆ ಕರೆದರೂ ಅವರ ಪರವಾಗಿ ಗಂಟಲು ಹರಿದುಕೊಳ್ಳುತ್ತಾನೆ. ಆ ವರ್ಷ ಮಾತ್ರ ಬಿಟ್ಟಿಯಾಗಿ ಕೂಗುತ್ತಿದ್ದ. ಟೈಲರಿಂಗ್ ಮಾಡುವ ಅವನ ಹೆಂಡತಿ ನಮ್ಮ ವಾರ್ಡಿನಿಂದ ಚುನಾವಣೆಗೆ ನಿಂತಿದ್ದಳು, ಅದೂ ನಗರಸಭೆಯ ಅಧ್ಯಕ್ಷರ ಎದುರಿಗೇ. ಹೊಳೆಗೆ ತಡೆಗೋಡೆ ಕಟ್ಟಿಸುತ್ತೇನೆಂದು ಹೇಳಿ ಕೈತೊಳೆದುಕೊಂಡ ಅಧ್ಯಕ್ಷರ ಮೇಲೆ ಜನಕ್ಕೆ ಕೆಂಡದಂಥ ಸಿಟ್ಟು. ಗೋಡೆ ಕಟ್ಟಿಸುವುದೊಂದೇ ಅವಳ ಹಟ. ಗೆದ್ದೇ ಬಿಟ್ಟಳು ಎಂದು ಎಲ್ಲರೂ ಅನ್ನುತ್ತಿದ್ದರು.

ಮತದಾನಕ್ಕೆ ಕೆಲವೇ ದಿನವಿದ್ದಾಗ ಒಂದು ಮಧ್ಯಾಹ್ನ, ಬೀದಿಯೆಲ್ಲ ಉಂಡು ಒರಗಿದ್ದ ಹೊತ್ತಿನಲ್ಲಿ, ಹೊಳೆ ಉಕ್ಕಿತು. ಸೇತುವೆಯ ಬಳಿ ಅದನ್ನು ಕಂಡ ಮೈಕಣ್ಣ ವ್ಯಾನು ತಿರುಗಿಸಿಕೊಂಡು ಓಡಿಬಂದ.

"ನೀರು ಬರ್ತಾ ಇದೆ! ಎಲ್ರೂ ಗುಡ್ಡದ ಶಾಲೆಗೆ ಹೋಗಿ!"

"ಶುರುವಾಯ್ತಪ್ಪ ಇವನ ಪ್ರಚಾರ" ಎಂದು ಬೇಕರಿಯವನು ಕಿಟಕಿ ಮುಚ್ಚಿಕೊಂಡ. ಹೆತ್ತ ತಾಯಿಯೇ "ಹೆಂಡ್ತಿ ಗೆಲ್ಲಲಿ ಅಂತ ಜನರನ್ನ ಹಿಂಗೆಲ್ಲ ಹೆದರಿಸ್ಬಾರ್ದು ಕಣೋ" ಎಂದು ಮಗ್ಗುಲು ಬದಲಿಸಿದರು.

ಮೈಕಣ್ಣನಿಗೆ ತಲೆ ಕೆಟ್ಟುಹೋಯಿತು. ಗಂಟಲು ಸರಿಮಾಡಿಕೊಂಡು, ಕಂದಾಯ ಸಾರುವಾಗಿನ ಗಡಸು ದನಿ ತೆಗೆದ.

"ಇದು ನಗರಸಭೆಯ ಪ್ರಕಟಣೆ. ಮಾನ್ಯ ಅಧ್ಯಕ್ಷರ ಆದೇಶದ ಮೇರೆಗೆ ಎಲ್ಲರೂ ಕೂಡಲೇ ಮನೆ ಖಾಲಿ ಮಾಡತಕ್ಕದ್ದು. ತಪ್ಪಿದವರಿಗೆ ದಂಡ ವಿಧಿಸಲಾಗುವುದು!"

ದಂಡ ಎಂದದ್ದೇ ತಡ, ಬಾಗಿಲುಗಳು ದಡಬಡ ತೆರೆದುಕೊಂಡವು. ಬೇಕರಿಯವನು ಒಂದೇ ಚಪ್ಪಲಿಯಲ್ಲಿ ಗುಡ್ಡ ಹತ್ತಿದ. ಮೊಣಕಾಲು ನೋವೆಂದು ಅಂಗಳಕ್ಕೂ ಇಳಿಯದ ಮೈಕಣ್ಣನ ತಾಯಿ ಅವನಿಗಿಂತ ಮುಂದಿದ್ದರು. ಸಂಜೆಯ ಹೊತ್ತಿಗೆ ಬೀದಿಯಲ್ಲಿ ಎದೆಮಟ್ಟದ ನೀರು. ಒಂದು ಜೀವವೂ ಹೋಗಲಿಲ್ಲ.

ಮಾನ್ಯ ಅಧ್ಯಕ್ಷರು ಆಗ ಪಕ್ಕದೂರಿನ ಭಾವಮೈದುನನ ಮನೆಯಲ್ಲಿ ಗೊರಕೆ ಹೊಡೆಯುತ್ತಿದ್ದರು. ಮರುದಿನ ಶಾಲೆಗೆ ಬಂದಾಗ ಜನ ಅವರ ಕೈ ಹಿಡಿದು ಅತ್ತರು. ಅವರು ಮೊದಲು ಕಕ್ಕಾಬಿಕ್ಕಿಯಾದರು. ಆಮೇಲೆ ಸಾವರಿಸಿಕೊಂಡು, "ನನ್ನ ಕರ್ತವ್ಯ ನಾನು ಮಾಡ್ದೆ" ಎಂದರು. ನಾಚಿಕೆಗೆಟ್ಟ ಮನುಷ್ಯ!

ಮೈಕಣ್ಣನಿಗೆ ತಡೆಯಲಾಗಲಿಲ್ಲ. "ಆದೇಶಾನೂ ಇಲ್ಲ, ಗೀದೇಶಾನೂ ಇಲ್ಲ. ಅದನ್ನ ಹುಟ್ಟಿಸಿದ್ದು ನಾನು!"

"ಸುಮ್ನಿರಯ್ಯ," ಎಂದ ಬೇಕರಿಯವನು. "ಒಳ್ಳೇದು ಮಾಡಿದೋರನ್ನ ಕಂಡು ಹೊಟ್ಟೆ ಉರ್ಕೋಬೇಡ."

ಗೋಡೆ ಇದ್ದಿದ್ದರೆ ಗುಡ್ಡ ಹತ್ತುವ ಪಾಡೇ ಇರುತ್ತಿರಲಿಲ್ಲ ಎಂದು ಮೈಕಣ್ಣನ ಹೆಂಡತಿ ಮನೆಮನೆಗೂ ಹೋಗಿ ಹೇಳಿದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಎಣಿಕೆಯ ದಿನ ಅವಳ ಠೇವಣಿಯೂ ಉಳಿಯಲಿಲ್ಲ.

ಆ ಸಂಜೆ ಅವಳ ಅತ್ತೆ, ಮುಚ್ಚುಮರೆಯಿಲ್ಲದೆ, "ನಾನೂ ಅಧ್ಯಕ್ಷರಿಗೇ ಹಾಕ್ದೆ ಕಣಮ್ಮ. ಜೀವ ಉಳಿಸಿದೋರನ್ನ ಹೆಂಗ್ ಬಿಡೋದು?" ಎಂದು ಒಳಗೆ ಹೋದರು.

ಕೆಸರು ಹೊಕ್ಕ ಹೊಲಿಗೆ ಯಂತ್ರವನ್ನು ಬಿಚ್ಚಿ ಒರೆಸುತ್ತಿದ್ದ ಅವಳ ಎದುರು ಮೈಕಣ್ಣ ಕುಕ್ಕರಿಸಿದ. ಅವನ ಕಣ್ಣು ತುಂಬಿತ್ತು.

"ನಿನ್ನ ಸೋಲಿಸಿದ್ದು ನಾನೇ."

ಅವಳು ತಲೆ ಎತ್ತಲಿಲ್ಲ. "ಗೋಡೆಯಂತೂ ಬರಲ್ಲ. ನೀರು ಮತ್ತೆ ಬರುತ್ತೆ. ಆಗೇನಂತ ಕೂಗ್ತೀರಿ?"

"ಇದ್ದದ್ದು ಇದ್ದ ಹಾಗೇ ಕೂಗ್ತೀನಿ. ನಂಬಿದ್ರೆ ನಂಬ್ಲಿ, ಬಿಟ್ರೆ ಬಿಡ್ಲಿ."

"ಬೇಡ. ಅಧ್ಯಕ್ಷರ ಆದೇಶ ಅಂತಾನೇ ಕೂಗಿ," ಎಂದಳು ಅವಳು. "ಅತ್ತೆ ಎದ್ದು ಬರ್ಬೇಕಲ್ಲ."